ಬೇಸಿನ್ನಿನ ಬಿಳುಪು

ಸದ್ದು ಬಂದದ್ದು ಅಕ್ಕನ ಹೊಟ್ಟೆಯೊಳಗಿಂದ. ದೊಡ್ಡ ಸದ್ದೇನಲ್ಲ. ಬಹಳ ದಿನ ನೀರು ಬಾರದ ನಲ್ಲಿಯಲ್ಲಿ ನೀರಿಗಿಂತ ಮೊದಲು ಗಾಳಿ ಬಂದು ಗೊರಗೊರ ಎನ್ನುತ್ತದಲ್ಲ, ಅಷ್ಟೇ. ಅದೂ ಪಕ್ಕದ ಮನೆಯ ನಲ್ಲಿ. ವಾರ್ಡಿನ ದೊಡ್ಡ ದೀಪಗಳನ್ನು ಆರಿಸಿ ಬಹಳ ಹೊತ್ತಾಗಿತ್ತು. ಆಚೆ ಹಾಸಿಗೆಯ ಮುದುಕಿಯ ಗೊರಕೆ ಕೂಡ ನಿಂತಿತ್ತು. ಅವಳು, ಅಕ್ಕನ ತಂಗಿ, ಸ್ಟೂಲಿನ ಮೇಲೆ ಕೂತು, ಹೊಲಿಗೆ ಹಾಕಿದ ಜಾಗಕ್ಕೆ ತಾಗದಂತೆ ಅಕ್ಕನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ನೋಯುತ್ತೆ, ಕೈ ಇಡು ಎಂದು ಅಕ್ಕನೇ ಕೇಳಿದ್ದಳು. ಹಾಗಾಗಿ ಸದ್ದು ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಯಿತು. ತೆಳ್ಳಗಾದ ಚರ್ಮದಡಿಯಲ್ಲಿ ಏನೋ ಒಂದು, ನಿದ್ದೆಯಲ್ಲಿರುವ ಮಗು ಮಗ್ಗುಲು ಬದಲಿಸುವ ಹಾಗೆ, ನಿಧಾನವಾಗಿ ಹೊರಳಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ನೋಡಬಾರದ್ದನ್ನು ನೋಡಿ ಸಿಕ್ಕಿಬಿದ್ದವಳ ಹಾಗೆ. ಅಕ್ಕ ಹಲ್ಲು ಕಚ್ಚಿ, ಮೊಣಕಾಲು ಮಡಚಲು ನೋಡಿ, ಆಗದೆ, "ನಿಲ್ಸೇ ಅದನ್ನ," ಅಂದಳು. "ಇದೊಂದು ರಾತ್ರಿ ನಿಲ್ಸು. ನಾಳೆಯಿಂದ ನೀನು ಹೇಳಿದ ಹಾಗೆ ಕೇಳ್ತೀನಿ."

ಅದು ಎಂದರೆ ಅಕ್ಕನ ಮೂಗಿನಿಂದ ಇಳಿದು ಕರುಳಿನವರೆಗೆ ಹೋಗಿದ್ದ ಸಣ್ಣ ನಳಿಕೆ. ಅದರ ಮೇಲ್ತುದಿ ಕಬ್ಬಿಣದ ಕಂಬಕ್ಕೆ ತೂಗುಹಾಕಿದ ಒಂದು ಚೀಲಕ್ಕೆ ಸೇರಿತ್ತು. ಚೀಲದಲ್ಲಿ ಹಾಲಿನ ಬಣ್ಣದ, ಹಾಲಲ್ಲದ ಆಹಾರ. ಕಂಬದ ಇನ್ನೊಂದು ಕೊಕ್ಕೆಗೆ ಇನ್ನೊಂದು ಬಿಳಿ ಚೀಲ, ಅದರ ಕೊಳವೆ ಕತ್ತಿನ ಬಳಿ ರಕ್ತನಾಳಕ್ಕೆ. ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ಒಂದಷ್ಟು ಭಾಗ ತೆಗೆದ ಮೇಲೆ ವಾರಗಟ್ಟಲೆ ಅಕ್ಕ ಬದುಕಿದ್ದೇ ಕತ್ತಿನ ಊಟದಿಂದ. ಮೂಗಿನ ನಳಿಕೆ ಹೊಸದು. ಹಾಕಿದ ದಿನ ಡಾಕ್ಟರು ತಾವೇ ನಿಂತು ವಿವರಿಸಿದ್ದರು. ಅವಳು ಓದಿದವಳೆಂದು ಗೊತ್ತಾದ ಮೇಲೆ ಅವರು ಅವಳ ಮುಖ ನೋಡಿಯೇ ಮಾತಾಡುತ್ತಿದ್ದರು, ಅಕ್ಕನ ಮುಖವನ್ನಲ್ಲ, ಅದು ಅವಳಿಗೆ ಹೆಮ್ಮೆಯೂ ಮುಜುಗರವೂ ಆಗುತ್ತಿತ್ತು. ದೇಹಕ್ಕೆ ಬೇಕಾದದ್ದು ರಕ್ತದಲ್ಲಿ ಹೋಗುತ್ತಿದೆ, ಆದರೆ ಕರುಳು ಹಸಿದಿದೆ ಎಂದರು. ಕರುಳಿನ ಒಳಗೋಡೆ ಮಖಮಲ್ಲಿನ ಹಾಗೆ, ನವಿರಾದ ಎಳೆಗಳು ಎದ್ದು ನಿಂತಿರುತ್ತವೆ. ತನ್ನ ಪಕ್ಕ ಹರಿದುಹೋಗುವ ಆಹಾರದಿಂದಲೇ ಅದು ತನ್ನ ಪಾಲು ತೆಗೆದುಕೊಂಡು ಜೀವ ಹಿಡಿದಿರುತ್ತದೆ. ಏನೂ ಹರಿಯದಿದ್ದರೆ ಎಳೆಗಳು ಮಲಗುತ್ತವೆ, ಗೋಡೆ ತೆಳುವಾಗುತ್ತದೆ, ಒಳಗಿರಬೇಕಾದ ಕ್ರಿಮಿಗಳು ದಾಟಿ ರಕ್ತಕ್ಕೆ ಬರುತ್ತವೆ. "ಹೊಟ್ಟೆ ತುಂಬಿಸೋಕಲ್ಲ ಇದು," ಅಂದರು. "ಆ ಗೋಡೆಗೆ ತನ್ನ ಕೆಲಸ ಮರೀದೇ ಇರಲಿ ಅಂತ." ಅಕ್ಕ ಜನ್ಮವಿಡೀ ಹೊಲಿಗೆ ಮಿಷಿನ್ನಿನ ಮುಂದೆ ಕೂತವಳು. ಮಲಗಿದಲ್ಲಿಂದಲೇ, ಮಖಮಲ್ಲು ಒಂದು ಸಲ ಮಲಗಿದರೆ ಇಸ್ತ್ರಿಗೂ ಏಳಲ್ಲ ಡಾಕ್ಟ್ರೇ, ಹಬೆ ಹಿಡೀಬೇಕು ಎಂದಳು. ಡಾಕ್ಟರು ನಕ್ಕರು. ಹಬೆಯೇ ಇದು ಅಂದುಕೊಳ್ಳಿ, ಸ್ವಲ್ಪ ಸ್ವಲ್ಪ, ರಾತ್ರಿಯಿಡೀ, ಎಂದರು.

ರಾತ್ರಿ ಆ ವಾರ್ಡಿಗೆಲ್ಲ ಒಬ್ಬಳೇ ನರ್ಸು. ಹೀಗಾಗಿ ಅಲ್ಲೊಂದು ಪದ್ಧತಿ ತಾನಾಗಿ ಬೆಳೆದುಕೊಂಡಿತ್ತು: ಜೊತೆಗಿರುವ ಮನೆಯವರಿಗೆ ಕಲಿಸಿ, ಚೀಲ ಅವರ ಕೈಗೆ ಕೊಟ್ಟುಬಿಡುವುದು. ನಳಿಕೆಗೆ ನೀರು ಹಾಯಿಸುವುದು, ಹನಿ ನೋಡಿ ನಳಿಕೆಯ ಮೇಲಿನ ಸಣ್ಣ ಚಕ್ರವನ್ನು ಹೆಬ್ಬೆರಳಿನಿಂದ ಸರಿಮಾಡುವುದು, ಬೆಳಿಗ್ಗೆ ಖಾಲಿ ಚೀಲವನ್ನು ಕಾಣುವ ಹಾಗೆ ಕೊಕ್ಕೆಗೆ ನೇತುಹಾಕುವುದು. ಬೆಳಿಗ್ಗೆ ನರ್ಸು ಬಂದು ಖಾಲಿ ಚೀಲ ನೋಡಿದರೆ ಸರಿ, ಬೇರೇನೂ ಕೇಳುವುದಿಲ್ಲ. ಕೆಲವರಿಗೆ ಕಲಿಸಿ ಸುಸ್ತಾಗಿತ್ತು ಈ ನರ್ಸಿಗೆ. ಅಕ್ಕನ ತಂಗಿಗೆ ಮಾತ್ರ ಒಂದೇ ಸಲ ತೋರಿಸಿದ್ದು. ಎಲ್ಲರೂ ನಿಮ್ಮ ಹಾಗಿದ್ದಿದ್ದರೆ ನಾನು ಮನೆಗೆ ಹೋಗಿ ಮಲಗ್ತಿದ್ದೆ ಟೀಚರ್ ಎಂದು ಬಾಯ್ತುಂಬ ಹೊಗಳಿದ್ದಳು. ಅವಳು ಟೀಚರ್ ಅಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಜನರ ಪತ್ರಗಳಿಗೆ ಉತ್ತರ ಬರೆಯುವವಳು. ತಿದ್ದಬೇಕೆಂದುಕೊಂಡು ತಿದ್ದಲಿಲ್ಲ, ಆ ಹೆಸರಿನಲ್ಲಿ ಅವಳು ಇನ್ನೂ ಒಂದು ಮೆಟ್ಟಿಲು ಮೇಲೆ ನಿಂತ ಹಾಗಿತ್ತು.

ಚಕ್ರವನ್ನು ಮುಚ್ಚುವುದು ಇಷ್ಟು ಸುಲಭವೆಂದು ಆ ರಾತ್ರಿಯವರೆಗೆ ಅವಳಿಗೆ ಹೊಳೆದಿರಲಿಲ್ಲ. ಹೆಬ್ಬೆರಳಿನ ಒಂದು ಒತ್ತು. ಹನಿ ತುದಿಯಲ್ಲಿ ನಿಂತು, ಬೀಳಲೋ ಬೇಡವೋ ಎಂದು ಹಿಗ್ಗಿ, ಅಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಅಕ್ಕನ ಹುಬ್ಬಿನ ಗಂಟು ಬಿಚ್ಚಿತು. ಬಾಯಿ ಅರೆತೆರೆದು ನಿದ್ದೆಹೋದಳು. ಅವಳಿಗೆ ಏನೋ ಸಾಧಿಸಿದ ಹಾಗಿತ್ತು, ಬೆಳಕು ಹರಿಯುವವರೆಗೆ. ಬೆಳಗಿನಲ್ಲಿ ಚೀಲ ಬಸುರಿಯ ಹೊಟ್ಟೆಯ ಹಾಗೆ ತುಂಬಿಕೊಂಡು ತೂಗುತ್ತಿತ್ತು. ಕಾರಿಡಾರಿನ ತುದಿಯಲ್ಲಿ ಔಷಧದ ಗಾಡಿಯ ಚಕ್ರ ಕಿರುಗುಟ್ಟುವುದು ಕೇಳಿಸಿತು. ಅಕ್ಕನೇ ಕೇಳಿದಳು, ನೋವಿತ್ತು, ನಿಲ್ಲಿಸಿದೆ ಎಂದು ನರ್ಸಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎಲ್ಲರೂ ನಿಮ್ಮ ಹಾಗಿದ್ದಿದ್ದರೆ ಎಂದು ಹೊಗಳಿದ ಬಾಯಿ ಇನ್ನು ಏನು ಅನ್ನುತ್ತದೋ ಎಂದು ಒಂದು ಗಳಿಗೆ ಅನಿಸಿದ್ದೇ, ಕಾಲು ಅವಳನ್ನು ಎಳೆದುಕೊಂಡು ಬಚ್ಚಲ ಕಡೆ ಹೋಗಿತ್ತು. ಚೀಲದ ಬಾಯಿ ಬಿಚ್ಚಿ ಬೇಸಿನ್ನಿಗೆ ಸುರಿದಳು. ಗಟ್ಟಿಯಾಗಿ, ಆತುರವಿಲ್ಲದೆ ಇಳಿಯಿತು. ಬೇಸಿನ್ನಿನ ತಳದಲ್ಲಿ ಬಿಳಿಯ ತೆಳು ಪೊರೆಯೊಂದು ಉಳಿದುಕೊಂಡಿತು.

ಚಿಕ್ಕಂದಿನಲ್ಲಿ ಹಾಲು ಕುಡಿಯದ ಹುಡುಗಿ ಎಂದು ಮನೆಯಲ್ಲಿ ಅವಳಿಗೆ ಹೆಸರೇ ಬಿದ್ದಿತ್ತು. ಅಮ್ಮನಿಗೆ ಯಾವಾಗಲೂ ಮೈ ಸರಿಯಿಲ್ಲ. ತಂಗಿಗೆ ಉಣಿಸುವ, ತಲೆ ಬಾಚುವ, ಬೈಯುವ ಕೆಲಸವೆಲ್ಲ ಅಕ್ಕನದು. ಲೋಟ ಕೈಗೆ ಕೊಟ್ಟು, ಕುಡಿಯುವವರೆಗೆ ಏಳಕೂಡದು ಎಂದು ಹೇಳಿ ಅಕ್ಕ ಮಿಷಿನ್ನಿನ ಮುಂದೆ ಕೂರುತ್ತಿದ್ದಳು. ಮಿಷಿನ್ನು ಓಡುವಾಗ ಅಕ್ಕನಿಗೆ ಏನೂ ಕೇಳಿಸುವುದಿಲ್ಲ ಎಂಬುದು ಅವಳ ಲೆಕ್ಕ. ಓಡುವ ಹೊತ್ತಿಗೆ ಎದ್ದು, ಬಚ್ಚಲ ಮೋರಿಗೆ ಹಾಲು ಸುರಿದು, ತುಟಿಗೆ ಒಂದಿಷ್ಟು ಸವರಿಕೊಂಡು ಬಂದು ಕೂರುತ್ತಿದ್ದಳು. ಮಿಷಿನ್ನು ನಿಲ್ಲುತ್ತಿತ್ತು. ಅಕ್ಕ ತುಟಿ ನೋಡಿ, ಜಾಣೆ ಎನ್ನುತ್ತಿದ್ದಳು. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅವಳು ಅದನ್ನೆಲ್ಲ ಮರೆತಿದ್ದಳು. ಆಮೇಲೆ ಕಾಲೇಜು ಬಂತು, ಅದಕ್ಕೆ ಅಕ್ಕ ಎಷ್ಟು ಜನರ ರವಿಕೆ ಹೊಲಿದಳೋ. ಅಕ್ಕನಿಗೆ ಮದುವೆಯೆಂಬುದು ಆಗಲಿಲ್ಲ. ಯಾಕೆಂದು ಅವಳು ಯಾವತ್ತೂ ಕೇಳಿರಲಿಲ್ಲ, ಉತ್ತರ ತನ್ನ ಮುಖದ ಮೇಲೆಯೇ ಬರೆದಿದೆಯೇನೋ ಎಂಬ ಭಯಕ್ಕೆ.

ಎರಡನೆಯ ರಾತ್ರಿ ಅಕ್ಕ ನಿಲ್ಲಿಸು ಎನ್ನಲಿಲ್ಲ. ಕೊಟ್ಟ ಮಾತಿನಂತೆ ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದಳು. ಅವಳೇ ಕಾದಳು. ಹನಿ ಬೀಳುವುದನ್ನು ನೋಡುತ್ತ, ಅಕ್ಕನ ಹುಬ್ಬು ನೋಡುತ್ತ, ಈಗ ಬರುತ್ತದೆ ಈಗ ಬರುತ್ತದೆ ಎಂದು ಆ ಸದ್ದಿಗೆ ಕಾದಳು. ಹುಬ್ಬು ಒಂದಿಷ್ಟು ಕೂಡಿತೋ ಇಲ್ಲವೋ, ಹೆಬ್ಬೆರಳು ಚಕ್ರದ ಮೇಲಿತ್ತು. ಅಕ್ಕ ನರಳದೆ ಇದ್ದಾಗಲೂ ನರಳುತ್ತಾಳೆಂದು ಅವಳು ನಿಲ್ಲಿಸಿದಳು. ಮೂರನೆಯ ರಾತ್ರಿಗೆ ಅದು ರೂಢಿಯಾಗಿತ್ತು. ಮೊದಲು ಸ್ವಲ್ಪ ಹೊತ್ತು ಬಿಡುವುದು, ಆಮೇಲೆ ಮುಚ್ಚುವುದು, ಬೆಳಿಗ್ಗೆ ಸುರಿಯುವುದು, ಖಾಲಿ ಚೀಲ ನೇತುಹಾಕುವುದು. ಆಮೇಲಾಮೇಲೆ ಆ ಸ್ವಲ್ಪ ಹೊತ್ತೂ ಬೇಡವೆನಿಸಿತು. ಹೇಗೂ ಕತ್ತಿನಲ್ಲಿ ಊಟ ಹೋಗುತ್ತಿದೆಯಲ್ಲ ಎಂದುಕೊಂಡಳು. ಮಖಮಲ್ಲು, ಎಳೆ, ಗೋಡೆ ಎಂದದ್ದೆಲ್ಲ ಹಗಲಿನ ಮಾತು. ರಾತ್ರಿಗೆ ಇದ್ದದ್ದು ಅಕ್ಕನ ಮುಖವೊಂದೇ. ಸದ್ದು ಮತ್ತೆ ಬರಲಿಲ್ಲ. ಅದು ಬರದಿದ್ದುದು ಅವಳಿಗೆ ಸಮಾಧಾನ ತಂದಿತ್ತು. ಆ ಸಮಾಧಾನ ನೆನಪಾದಾಗ ಈಗ ಅವಳು ಕಂಬದ ಕಡೆ ನೋಡದೆ ಮುಖ ತಿರುಗಿಸುತ್ತಾಳೆ.

ಈಗ ಎಂದರೆ ಈ ಮಧ್ಯಾಹ್ನ. ನಿನ್ನೆಯಿಂದ ಅಕ್ಕನಿಗೆ ಜ್ವರ, ಹಾಸಿಗೆ ಅಲುಗುವಷ್ಟು ನಡುಕ. ಡಾಕ್ಟರು ಬಂದು ಹೊದಿಕೆ ಸರಿಸಿ, ಸ್ಟೆತಾಸ್ಕೋಪನ್ನು ಹೊಟ್ಟೆಯ ಮೇಲೆ ಒಂದು ಕಡೆ ಇಟ್ಟರು, ಕೇಳಿದರು, ಇನ್ನೊಂದು ಕಡೆ ಇಟ್ಟರು. ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು. ಬಾಗಿಲಾಚೆ ಯಾರೋ ನಿಂತಿದ್ದಾರೆಂದು ಅನುಮಾನವಿದ್ದು ಕಿವಿಗೊಟ್ಟವರ ಹಾಗೆ. ಆಮೇಲೆ ನೆಟ್ಟಗಾಗಿ, ರಕ್ತದಲ್ಲಿ ಸಿಕ್ಕಿರುವುದು ಕರುಳಿನಲ್ಲಿರುವ ಕ್ರಿಮಿ ಎಂದರು. ಅವರಿಗೆ ಅರ್ಥವಾಗದಿರುವುದು ಒಂದೇ: ಇಷ್ಟು ರಾತ್ರಿ ಆಹಾರ ಹೋಗಿದ್ದರೆ ಗೋಡೆ ಇಷ್ಟು ಸೋಲಬಾರದಿತ್ತು. ಹಾಗಾದರೆ ಕತ್ತಿನ ಕೊಳವೆ ಮುಟ್ಟುವ ಯಾರದೋ ಕೈ ಶುದ್ಧವಿರಲಿಲ್ಲ ಎನ್ನಬೇಕು. ಇಲ್ಲವೇ ಈ ಕರುಳು ಇನ್ನು ಏಳುವುದಿಲ್ಲ ಎನ್ನಬೇಕು. ರಾತ್ರಿ ಪಾಳಿ ಮುಗಿದರೂ ಡಾಕ್ಟರು ಉಳಿಸಿಕೊಂಡಿದ್ದ ನರ್ಸು ಕಂಬದ ಪಕ್ಕ ನಿಂತು ತನ್ನ ಕೈಗಳನ್ನು ಏಪ್ರನ್ನಿನ ಹಿಂದೆ ಇಟ್ಟುಕೊಂಡಳು.

ಏಳುವುದಿಲ್ಲ ಎಂದಾದರೆ ಏನು ಎಂದು ಅವಳು ಕೇಳಿದಳು. ಮೂಗಿನ ನಳಿಕೆ ತೆಗೆದುಬಿಡುವುದು, ಕತ್ತಿನಲ್ಲಿ ಎಷ್ಟು ದಿನ ನಡೆಯುತ್ತೋ ಅಷ್ಟು ದಿನ, ಎಂದರು ಡಾಕ್ಟರು; ಆ ಊಟಕ್ಕೆ ಲಿವರ್ ಆಗಲೇ ಮುನಿಸಿಕೊಂಡಿದೆ, ಕಣ್ಣು ನೋಡಿ. ಅಕ್ಕನ ಕಣ್ಣಿನ ಬಿಳಿ ಹಳೆಯ ಕಾಗದದ ಬಣ್ಣಕ್ಕೆ ತಿರುಗಿದ್ದನ್ನು ಅವಳು ನೋಡಿ ನೋಡದ ಹಾಗಿದ್ದಳು.

"ನೀವು ರಾತ್ರಿ ಪಕ್ಕದಲ್ಲೇ ಇದ್ದವರು," ಅಂದರು ಡಾಕ್ಟರು. "ಒಂದೇ ಒಂದು ಸಲ ಹೊಟ್ಟೆ ಗುಡುಗುಡು ಅಂದಿದ್ದು ಕೇಳಿಸಿದ್ರೂ ಹೇಳಿ. ನಳಿಕೆ ತೆಗೆಯಲ್ಲ. ಇನ್ನೂ ನಿಧಾನಕ್ಕೆ, ಇನ್ನೂ ಕಡಿಮೆ ಕೊಟ್ಟು ನೋಡ್ತೀನಿ. ಏನಾದ್ರೂ ಕೇಳಿಸ್ತಾ?"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಕೇಳಿಸಿತು, ಅಂಗೈಗೆ ತಾಗಿತು ಎನ್ನಬೇಕು. ಎಂದರೆ, ಯಾವಾಗ ಎನ್ನುತ್ತಾರೆ. ಆಗಲೇ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಮರುದಿನ ಏನಾಯಿತು, ಅದರ ಮರುದಿನ ಏನಾಯಿತು ಎನ್ನುತ್ತಾರೆ. ಒಂದು ಎಳೆ ಎಳೆದರೆ ಇಡೀ ಹೊಲಿಗೆ ಬಿಚ್ಚುತ್ತದೆ. ನರ್ಸು ಅವಳ ಮುಖವನ್ನೇ ನೋಡುತ್ತಿದ್ದಳು, ಆ ನೋಟದಲ್ಲಿ ತನ್ನನ್ನು ಕಾಪಾಡಿ ಎಂಬ ಬೇಡಿಕೆಯಿತ್ತು. "ಇಲ್ಲ," ಅಂದಳು ಅವಳು. "ಹಾಗೇನೂ ಗಮನಕ್ಕೆ ಬರಲಿಲ್ಲ." ಡಾಕ್ಟರು ತಲೆಯಾಡಿಸಿ, ಸಂಜೆ ನಿರ್ಧಾರ ಮಾಡೋಣ, ಅಷ್ಟರಲ್ಲಿ ಏನಾದರೂ ನೆನಪಾದರೆ ಬನ್ನಿ, ರೂಮಿನಲ್ಲೇ ಇರ್ತೀನಿ ಎಂದು ಮುಂದಿನ ಹಾಸಿಗೆಗೆ ಹೋದರು.

ಗಮನಕ್ಕೆ ಬರಲಿಲ್ಲ. ಕಚೇರಿಯಲ್ಲಿ ದಿನಕ್ಕೆಷ್ಟು ಸಲ ಬರೆಯುತ್ತಾಳೋ ಅದನ್ನು. ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಅವಳು ಡಾಕ್ಟರಿಗೆ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಬರೆದಳು. ಕೆಲವು ರಾತ್ರಿಗಳಲ್ಲಿ ಆಹಾರ ಪೂರ್ತಿಯಾಗಿ ಹೋಗಿರಲಿಕ್ಕಿಲ್ಲ. ಚೆನ್ನಾಗಿತ್ತು, ಸುಳ್ಳಿರಲಿಲ್ಲ, ಮಾಡಿದವರೂ ಇರಲಿಲ್ಲ. ಅದನ್ನು ಹೊಡೆದುಹಾಕಿದಳು. ರೋಗಿಯ ನೋವಿನ ಕಾರಣ ನಡುನಡುವೆ ನಿಲ್ಲಿಸಬೇಕಾಗಿ ಬಂತು. ಅಕ್ಕನ ಮೇಲೆ ಹಾಕಿದ ಹಾಗಾಯಿತು. ಅದನ್ನೂ ಹೊಡೆದುಹಾಕಿದಳು. ನಾನು ಚಕ್ರ ಮುಚ್ಚಿದೆ, ನಾನು ಸುರಿದೆ. ಈ ವಾಕ್ಯ ಎಷ್ಟು ಸಣ್ಣದಿತ್ತೆಂದರೆ ಅದನ್ನು ಹೇಳಲು ಬಾಯಿ ತೆರೆಯುವುದಷ್ಟೇ ಸಾಕು. ಒಂದು ಸಲ, ಒಂದು ಬೀದಿಗೆ ತಿಂಗಳುಗಟ್ಟಲೆ ನೀರಿರಲಿಲ್ಲ. ಯಾರೋ ಕೆಲಸಗಾರ ರಿಪೇರಿ ಮುಗಿಸಿ ನೀರಿನ ಕವಾಟ ಮತ್ತೆ ತೆರೆಯುವುದನ್ನು ಮರೆತಿದ್ದ. ಅದು ಗೊತ್ತಾದ ಮೇಲೂ ಆ ಬೀದಿಯವರಿಗೆ, ಹಳೆಯ ಕೊಳವೆಗಳಲ್ಲಿ ತುಕ್ಕು ಕಟ್ಟಿದ್ದರಿಂದ ಎಂದು ಪತ್ರ ಬರೆದವಳು ಅವಳೇ. ಮೇಲಿನವರು ಮೆಚ್ಚಿದ್ದರು. ಕೊಳವೆಯಲ್ಲಿ ತುಕ್ಕೂ ಇತ್ತು, ಅದೇನೂ ಸುಳ್ಳಲ್ಲ. ನೀರು ನಿಂತ ಕೊಳವೆಗೆ ತುಕ್ಕು ಹಿಡಿಯುತ್ತದೆ.

ವಾರ್ಡಿನ ಬಾಗಿಲಲ್ಲಿ ನರ್ಸು ಎದುರಾದಳು. ಕಣ್ಣು ಕೆಂಪಗಿತ್ತು. ಮೇಲಿನ ಸಿಸ್ಟರು ಎಲ್ಲರ ಮುಂದೆ ತನ್ನ ಕೈ ಹಿಡಿದು ಉಗುರು ನೋಡಿದರು, ಚಿಕ್ಕ ಮಕ್ಕಳನ್ನ ನೋಡೋ ಹಾಗೆ, ಎಂದು ಹೇಳಿ ನಗಲು ಪ್ರಯತ್ನಿಸಿದಳು. ಬೇರೆ ವಾರ್ಡಿಗೆ ಹಾಕುತ್ತಾರಂತೆ. "ನೀವೇ ಹೇಳಿ ಟೀಚರ್, ನಾನು ಯಾವತ್ತಾದ್ರೂ ಕೈ ತೊಳೀದೇ ಆ ಕೊಳವೆ ಮುಟ್ಟಿದೀನಾ?" ಇಲ್ಲ, ಎಂದಳು ಅವಳು. ಅಷ್ಟು ಹೇಳಿದ್ದಕ್ಕೇ ನರ್ಸು ಅವಳ ಮೊಣಕೈ ಒತ್ತಿದಳು, ನೀವೊಬ್ಬರು ಸಾಕ್ಷಿ ಇದ್ದೀರಲ್ಲ ಎನ್ನುವ ಹಾಗೆ. ಒತ್ತಿದ ಜಾಗ ಆಮೇಲೆ ಬಹಳ ಹೊತ್ತು ಬೆಚ್ಚಗಿತ್ತು, ಅವಳು ಅದನ್ನು ಸೀರೆಯ ಸೆರಗಿನಿಂದ ಒರೆಸಿಕೊಂಡಳು.

ಅಕ್ಕ ಎಚ್ಚರವಿದ್ದಳು. ಜ್ವರದ ಔಷಧಕ್ಕೆ ಬೆವರಿ, ಮುಖ ಸಣ್ಣಗಾಗಿ, ಹಣೆಯ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಅವಳು ಬಟ್ಟೆ ತೇವಮಾಡಿ ಒರೆಸಲು ಬಗ್ಗಿದಾಗ ಅಕ್ಕ ಅವಳ ಮಣಿಕಟ್ಟು ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ, ಬೆರಳುಗಳ ತೂಕವಷ್ಟೇ.

"ಸುರಿದಾದ್ಮೇಲೆ ನಲ್ಲಿ ಪೂರ್ತಿ ಬಿಡು," ಅಂದಳು ಅಕ್ಕ. "ಬೆಳ್ಳಗೆ ಉಳ್ಕೊಂಡುಬಿಡುತ್ತೆ ಅದು. ಆಗ್ಲೂ ನಿಂಗೆ ಗೊತ್ತಾಗ್ತಿರ್ಲಿಲ್ಲ. ಅಮ್ಮ ನೋಡೋದ್ರೊಳಗೆ ನಾನೇ ಹೋಗಿ ಒಂದು ಕೊಡ ನೀರು ಹಾಕಿ ಬರ್ತಿದ್ದೆ."

ಅವಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ದಿಂಬಿನ ಮೇಲೆ ತೊಟ್ಟಿಕ್ಕಿತು. ಮಿಷಿನ್ನು ಓಡುತ್ತಿರುವಾಗಲೂ ಅಕ್ಕನಿಗೆ ಕೇಳಿಸುತ್ತಿತ್ತು. ಜಾಣೆ ಎಂದಾಗ ಅಕ್ಕ ನೋಡುತ್ತಿದ್ದುದು ತುಟಿಯನ್ನಲ್ಲ. ಈ ರಾತ್ರಿಗಳಲ್ಲೂ ಕಣ್ಣು ಮುಚ್ಚಿ ಮಲಗಿ, ಚಕ್ರ ಕಿರಿಕ್ ಎನ್ನುವುದನ್ನು ಕೇಳಿಸಿಕೊಂಡು, ಏನೂ ಅನ್ನದೆ ಇದ್ದಳು. ಯಾಕೆ ಅನ್ನಲಿಲ್ಲ? ನೋವಿಲ್ಲದಿರಲಿ ಎಂದೋ, ಇವಳು ಸಿಕ್ಕಿಬೀಳದಿರಲಿ ಎಂದೋ? ಕೇಳಬೇಕೆನಿಸಿತು. ಅದರ ಬದಲು, "ಡಾಕ್ಟರಿಗೆ ಹೇಳಿಬರ್ತೀನಿ, ಅಕ್ಕ," ಅಂದಳು. ಅಕ್ಕ ಕಣ್ಣು ಮುಚ್ಚಿಕೊಂಡು, ನಿನ್ನಿಷ್ಟ ಎಂದಳು. ಹೇಳು ಎಂದೂ ಅಲ್ಲ, ಬೇಡ ಎಂದೂ ಅಲ್ಲ. ಬೇಡ ಎಂದಿದ್ದರೆ ಹೇಳಲು ಧೈರ್ಯ ಬರುತ್ತಿತ್ತೇನೋ ಎಂದು ಅವಳಿಗೆ ಆಮೇಲೆ ಅನಿಸಿತು.

ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವರು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದರು. ಅವಳು ಹೊರಗೆ ಕಾದಳು. ಬಾಗಿಲಿನ ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು: ಬಿಗಿಯಾಗಿ ಬಾಚಿದ ತಲೆ, ಒಪ್ಪವಾದ ಕನ್ನಡಕ, ನಂಬಬಹುದಾದ ಮುಖ. ಫೋನು ಮುಗಿಯಿತು. ಡಾಕ್ಟರು ತಲೆಯೆತ್ತಿ, ಬನ್ನಿ ಎಂದು ಎದ್ದು ನಿಂತು ಕುರ್ಚಿ ತೋರಿಸಿದರು. ಬೇರೆ ರೋಗಿಗಳ ಮನೆಯವರಿಗೆ ಅವರು ಎದ್ದು ನಿಲ್ಲುವುದನ್ನು ಅವಳು ನೋಡಿರಲಿಲ್ಲ. ಏನಾದರೂ ನೆನಪಾಯಿತೇ ಎಂದು ಕೇಳಿದರು. ಆ ದನಿಯಲ್ಲಿ ನಿಜವಾದ ಆಸೆಯಿತ್ತು. ಅವರಿಗೂ ಆ ನಳಿಕೆ ತೆಗೆಯಲು ಮನಸ್ಸಿರಲಿಲ್ಲ. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ನರ್ಸು ತುಂಬ ಶುಚಿಯಾಗಿ ಕೆಲಸ ಮಾಡುತ್ತಾಳೆ, ಅದನ್ನು ಹೇಳಲು ಬಂದೆ ಎಂದಳು. ಅದೂ ನಿಜವೇ. ನೀವು ದೊಡ್ಡ ಮನಸ್ಸಿನವರು ಎಂದರು ಡಾಕ್ಟರು. ಕುರ್ಚಿಯ ಬೆನ್ನಿನ ರೆಕ್ಸಿನ್ನು ಒಂದು ಕಡೆ ಹರಿದು ಒಳಗಿನ ಹತ್ತಿ ಕಾಣುತ್ತಿತ್ತು, ಅವಳು ಅದರೊಳಕ್ಕೆ ಬೆರಳು ತೂರಿಸಿ ನಿಂತಿದ್ದಳು.

ಸಂಜೆ ಡಾಕ್ಟರು ಬಂದು ಹೇಳಿಹೋದ ಹಾಗೆ ನಳಿಕೆ ತೆಗೆದರು. ತೆಗೆದದ್ದು ಅದೇ ನರ್ಸು. ಈ ವಾರ್ಡಿನಲ್ಲಿ ಅವಳ ಕೊನೆಯ ಕೆಲಸ ಅದು. ಮೂಗಿನ ಪಟ್ಟಿ ಬಿಚ್ಚಿ, ಉಸಿರು ಬಿಡಿ ಎಂದು ಹೇಳಿ, ಒಂದೇ ಹದದಲ್ಲಿ ಎಳೆದಳು. ಅಷ್ಟುದ್ದದ್ದು ಒಳಗಿತ್ತೇ ಎನಿಸುವಂತೆ ಬಂತು, ಬಂತು, ಕೊನೆಗೆ ಒದ್ದೆ ತುದಿ ಹೊರಗೆ ಬಿದ್ದು ಟ್ರೇಯಲ್ಲಿ ಸುರುಳಿಯಾಯಿತು. ಅಕ್ಕ ಮೂಗು ಮುಟ್ಟಿಕೊಂಡು, ಮೂಗುತಿ ಕಳಚಿದ ಹಾಗಾಯ್ತು ಎಂದಳು. ನರ್ಸು ನಕ್ಕಳು. ಅವಳೂ ನಗಬೇಕಾಯಿತು. ಆಮೇಲೆ ಹೊದಿಕೆ ಸರಿಮಾಡಲೆಂದು ಅಕ್ಕನ ಹೊಟ್ಟೆಯ ಮೇಲೆ ಬಗ್ಗಿದಾಗ ಆ ಸದ್ದು ಮತ್ತೆ ಕೇಳಿಸಿತು. ಅದೇ ಗೊರಗೊರ, ಸಣ್ಣಗೆ, ಸ್ಪಷ್ಟವಾಗಿ. ಅವಳ ಮೈಯೆಲ್ಲ ಕಿವಿಯಾಯಿತು. ಈಗ ಓಡಿದರೆ ಡಾಕ್ಟರು ಇನ್ನೂ ಮೆಟ್ಟಿಲ ಹತ್ತಿರ ಸಿಗುತ್ತಾರೆ. ಚಕ್ರದ ಮಾತು ಎತ್ತಬೇಕಾಗಿಯೇ ಇಲ್ಲ, ಈಗ ಕೇಳಿಸಿತು ಎಂದರಾಯಿತು, ಎಲ್ಲ ಸರಿಹೋಗುತ್ತದೆ. ನರ್ಸಿನ ಕೈ ಹಿಡಿದು, "ಕೇಳಿಸ್ತಾ?" ಅಂದಳು.

"ಕೇಳಿಸ್ತು," ಅಂದಳು ನರ್ಸು. ಟ್ರೇ ಎತ್ತಿಕೊಳ್ಳುತ್ತ, ಅಷ್ಟು ದುಃಖದಲ್ಲೂ ಅವಳ ಹಳೆಯ ಕೀಟಲೆ ದನಿ ಬಂದಿತ್ತು. "ಅದು ನಿಮ್ಮದು ಟೀಚರ್. ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿಲ್ಲ ನೀವು. ಕ್ಯಾಂಟೀನ್ ಮುಚ್ಚೋದ್ರೊಳಗೆ ಹೋಗಿ."

ಅವಳು ಅಕ್ಕನ ಹೊಟ್ಟೆಯ ಮೇಲೆ ಕೈ ಇಟ್ಟಳು. ಅಲ್ಲಿ ಏನೂ ಇರಲಿಲ್ಲ. ಸದ್ದು ಇನ್ನೊಮ್ಮೆ ಬಂತು, ಅವಳದೇ ಪಕ್ಕೆಲುಬಿನ ಕೆಳಗಿಂದ, ನಾಚಿಕೆಯಿಲ್ಲದೆ.

ಕ್ಯಾಂಟೀನಿನಲ್ಲಿ ಬ್ರೆಡ್ಡು ಮತ್ತು ಟೀ ಉಳಿದಿತ್ತು. ಅವಳು ಗೋಡೆಗೆ ಮುಖಮಾಡಿ ಕೂತು ತಿಂದಳು. ಮೊದಲ ತುಂಡನ್ನು ಬಹಳ ಹೊತ್ತು ಅಗಿದಳು, ಎರಡನೆಯದು ಬೇಗ ಇಳಿಯಿತು, ಆಮೇಲೆ ಅವಳು ಬೇಗಬೇಗ ತಿನ್ನತೊಡಗಿದಳು, ತುಟಿ ಒರೆಸಿಕೊಳ್ಳುವುದನ್ನೂ ಮರೆತು. ಹೊಟ್ಟೆ ಸುಮ್ಮನಾಯಿತು. ಸುಮ್ಮನಾದ ಮೇಲೆ ಯೋಚನೆ ತಾನಾಗಿ ಒಂದು ಸಾಲಿಗೆ ಬಂದು ನಿಂತಿತು. ಮೊದಲ ಸಲ ಸದ್ದು ಕೇಳಿದ ಆ ರಾತ್ರಿಯೂ ಅವಳು ಉಂಡಿರಲಿಲ್ಲ. ಟೀ ಕುಡಿದಿದ್ದಳಷ್ಟೆ. ಹಾಗಾದರೆ ಆ ರಾತ್ರಿಯ ಸದ್ದೂ ತನ್ನದೇ ಇರಬೇಕು. ಇರಬಹುದು ಅಲ್ಲ, ಇರಬೇಕು. ಕತ್ತಲೆಯಲ್ಲಿ ಯಾರ ಹೊಟ್ಟೆ ಯಾವುದೆಂದು ಹೇಳುವವರಾರು? ಆ ಕರುಳು ಯಾವತ್ತೂ ಎದ್ದಿರಲೇ ಇಲ್ಲ. ಎದ್ದಿಲ್ಲದ್ದನ್ನು ಮಲಗಿಸುವುದು ಹೇಗೆ? ವಾಕ್ಯ ಎಲ್ಲಿಯೂ ಕುಂಟದೆ ಮುಗಿಯಿತು. ಅದಕ್ಕೆ ಇನ್ನು ಸಹಿಯೊಂದೇ ಬಾಕಿ. ಟೀ ಲೋಟವನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ಬಲ ಅಂಗೈಯ ನಡುವೆ, ತೆಳ್ಳನೆಯ ಚರ್ಮದಡಿಯಲ್ಲಿ ಏನೋ ನಿಧಾನವಾಗಿ ಮಗ್ಗುಲು ಬದಲಿಸಿದ ಆ ಜಾಗದಲ್ಲಿ, ಟೀ ಸುಡುತ್ತಿತ್ತು. ಸುಟ್ಟರೂ ಕೈ ತೆಗೆಯಲಿಲ್ಲ. ಡಾಕ್ಟರಿಗಿಲ್ಲ, ನರ್ಸಿಗಿಲ್ಲ, ಅಕ್ಕ ಇನ್ನೊಮ್ಮೆ ಮಣಿಕಟ್ಟು ಹಿಡಿದರೆ ಅಕ್ಕನಿಗೂ ಇಲ್ಲ. ಅಂಗೈಗೆ ಗೊತ್ತಿರುವ ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿ, ಅವಳು ಉಳಿದ ಬ್ರೆಡ್ಡನ್ನು ಟೀಯಲ್ಲಿ ಅದ್ದಿದಳು.